ಮಣ್ಣು ಹಚ್ಚಿದರೆ ನಷ್ಟವೇನು?

ನಮ್ಮ ಕಡೆ ಯಾರಿಗಾದರೂ ಸರ್ಪಸುತ್ತು ಎದ್ದರೆ ಮೊದಲು ಕೇಳಿಬರುವುದು ಒಂದೇ ಮಾತು: ‘ಇದು ದವಾಖಾನಿ ಬ್ಯಾನಿ ಅಲ್ಲ.’ ಹುಮನಾಬಾದಿನ ಬಸ್‌ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೇಳಿ, ಬಸವಕಲ್ಯಾಣದ ಕೋಟೆಯ ಸುತ್ತಲಿನ ಓಣಿಗಳಲ್ಲಿ ಕೇಳಿ, ಹುಲಸೂರು ದಾಟಿ ಮಹಾರಾಷ್ಟ್ರಕ್ಕೆ ಹತ್ತಿಕೊಂಡ ಊರುಗಳಲ್ಲಿ ಇದನ್ನೇ ‘ನಾಗಿಣ’ ಎನ್ನುವವರನ್ನು ಕೇಳಿ, ಉತ್ತರ ಬದಲಾಗುವುದಿಲ್ಲ. ಕೆಮ್ಮಣ್ಣು ಹಚ್ಚಬೇಕು, ಮಂತ್ರ ಹಾಕಿಸಬೇಕು, ಸೂಜಿ ಮಾಡಿಸಲೇಬಾರದು. ಮಾಡಿಸಿದರೆ ನಾಗಪ್ಪ ಸಿಟ್ಟಿಗೆದ್ದು ಒಳಗೆ ಹೊಗುತ್ತಾನೆ. ಸುತ್ತುತ್ತ ಸುತ್ತುತ್ತ ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ.

ಈ ಮಾತು ಆಡುವ ಹಳ್ಳಿಯ ಹಿರಿಯರ ಮೇಲೆ ನನಗೆ ಅಂಥ ಸಿಟ್ಟಿಲ್ಲ. ನನ್ನ ತಕರಾರು ಇರುವುದು ಅದನ್ನು ಕೇಳಿಸಿಕೊಂಡು ತಲೆಯಾಡಿಸುವ ಓದಿದವರ ಮೇಲೆ. ಮೇಷ್ಟ್ರು, ಬ್ಯಾಂಕಿನವರು, ಮೆಡಿಕಲ್‌ ಅಂಗಡಿಯವರು, ಒಮ್ಮೊಮ್ಮೆ ಡಾಕ್ಟರರೂ ಸೇರಿ ಆಡುವ ಸಮಾಧಾನದ ಮಾತೊಂದಿದೆ: ‘ಅವರ ನಂಬಿಕೆ ಅವರಿಗಿರಲಿ ಬಿಡ್ರಿ. ಮಣ್ಣು ಹಚ್ಚಿದರೆ ನಷ್ಟವೇನು? ಹದಿನೈದು ದಿನಕ್ಕೆ ತಾನಾಗಿಯೇ ಹೋಗುವ ಬೇನೆ.’ ಕೇಳಲು ಎಷ್ಟು ಸಹನೆಯ ಮಾತು! ನನ್ನ ದೊಡ್ಡವ್ವನ ಬಲಗಣ್ಣನ್ನು ತಿಂದದ್ದು ಈ ಮಾತೇ. ಆ ದಿನ ಅದನ್ನು ಆಡಿದವರಲ್ಲಿ ನಾನೂ ಒಬ್ಬ.

ಅದು ಜನವರಿ. ತೊಗರಿ ರಾಶಿ ಮುಗಿಯುತ್ತ ಬಂದಿತ್ತು, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಹತ್ತಿರವಾಗಿತ್ತು. ಬಸವಕಲ್ಯಾಣ ತಾಲ್ಲೂಕಿನ ಹಳ್ಳಿಯಲ್ಲಿದ್ದ ದೊಡ್ಡವ್ವನಿಗೆ ಬಲಗಡೆಯ ಅರ್ಧ ತಲೆ ನೋಯತೊಡಗಿತು. ರಾಶಿಯ ಧೂಳು ಹಿಡಿದಿದೆ ಎಂದುಕೊಂಡು ಬಾಮು ತಿಕ್ಕಿಕೊಂಡಳು. ಮರುದಿನ ಬಾಚಣಿಕೆ ತಾಗಿದರೆ ಬೆಂಕಿ ಇಟ್ಟಂತೆ. ತಲೆಯ ಮೇಲೆ ಸೆರಗು ಹೊದ್ದರೂ ಉರಿ. ಮೂರನೆಯ ದಿನ ಹಣೆಯ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದವು. ಹುಬ್ಬಿನಿಂದ ನೆತ್ತಿಯವರೆಗೆ, ಹಣೆಯ ನಟ್ಟನಡುವೆ ದಾರ ಹಿಡಿದು ಗೆರೆ ಕೊರೆದ ಹಾಗೆ. ಗೆರೆಯ ಎಡಕ್ಕೆ ಒಂದು ಗುಳ್ಳೆಯೂ ಇಲ್ಲ. ನೋಡಿದವರೆಲ್ಲ ಗುರುತು ಹಿಡಿದರು. ಸಂಜೆಗೆ ಪಕ್ಕದ ಊರಿನ ಮಂತ್ರದ ಅಜ್ಜ ಬಂದ. ಕೆಮ್ಮಣ್ಣು ಕಲಸಿ ಹಣೆ ತುಂಬ ಬಳಿದ, ಬೇವಿನ ಸೊಪ್ಪಿನಿಂದ ಇಳಿತೆಗೆದ, ಒಂದು ಪೈಸೆ ಮುಟ್ಟದೆ ಹೋದ. ಐದು ದಿನ ಹೀಗೇ ನಡೆಯಿತು.

ಮಣ್ಣು ಹಚ್ಚತೊಡಗಿದ ಎರಡನೆಯ ದಿನ ನಾನು ನೋಡಲು ಹೋದಾಗ ಹುಬ್ಬಿನ ಕೂದಲಲ್ಲಿ ಮಣ್ಣು ಒಣಗಿ ಬಿರಿದಿತ್ತು. ರೆಪ್ಪೆ ಬಾತು ಕಣ್ಣು ಮುಚ್ಚಿಹೋಗಿತ್ತು. ಮೂಗಿನ ತುದಿಯ ಬಲ ಮಗ್ಗುಲಿಗೆ ಜೋಳದ ಕಾಳಿನಷ್ಟು ಒಂದೇ ಒಂದು ಗುಳ್ಳೆ. ಅಲ್ಲಿಗೂ ಬೆರಳಿನಿಂದ ಮಣ್ಣು ತಾಗಿಸಿದ್ದರು.

‘ದವಾಖಾನಿಗಿ ಹೋಗೋಣೇನ್‌ ದೊಡ್ಡವ್ವಾ?’ ಎಂದೆ.

‘ಬ್ಯಾಡೋ ತಮ್ಮಾ, ಸೂಜಿ ಚುಚ್ಚಿದ್ರ ಒಳಗ ಹೊಕ್ಕತದಂತ. ಜಾತ್ರಿ ಮುಗೀಲಿ.’

ಒತ್ತಾಯ ಮಾಡಲಿಲ್ಲ. ಇರಲಿ, ಮಣ್ಣಿನಿಂದ ನಷ್ಟವೇನು ಎಂದು ಅಣ್ಣನಿಗೆ ಹೇಳಿ ಬಸ್‌ ಹತ್ತಿದೆ.

ಆ ಒಂದು ಗುಳ್ಳೆಗೆ ಒಂದು ಹೆಸರಿದೆ, ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಜೊನಾಥನ್‌ ಹಚಿನ್‌ಸನ್‌ ಎಂಬ ಲಂಡನ್ನಿನ ವೈದ್ಯ 1860ರ ದಶಕದಲ್ಲೇ ಬರೆದಿಟ್ಟ ಸಂಗತಿ ಅದು: ಹಣೆಯ ಸರ್ಪಸುತ್ತಿನ ಜೊತೆಗೆ ಮೂಗಿನ ತುದಿಯಲ್ಲಿ ಅಥವಾ ಮಗ್ಗುಲಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ ಬಂತೆಂದೇ ತಿಳಿಯಬೇಕು. ಇಂದಿಗೂ ಅದನ್ನು ಹಚಿನ್‌ಸನ್‌ ಚಿಹ್ನೆ ಎಂದೇ ಕರೆಯುತ್ತಾರೆ. ಕಾರಣ ಸರಳ. ಮುಖದ ಸ್ಪರ್ಶ, ನೋವುಗಳನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್‌ ನರಕ್ಕೆ ಮೂರು ಕವಲು. ಮೇಲಿನ ಕವಲು ಹಣೆಗೆ, ನೆತ್ತಿಗೆ, ಮೇಲ್ರೆಪ್ಪೆಗೆ ಹೋಗುತ್ತದೆ. ಅದೇ ಕವಲಿನ ಒಂದು ಎಳೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹಂಚಿಕೊಳ್ಳುತ್ತದೆ. ಮೂಗಿನ ತುದಿಗೆ ಬಂದದ್ದು ಕಣ್ಣಿನ ದಾರಿಯನ್ನೂ ಹಿಡಿದಿರುತ್ತದೆ. ಹಾಗೆಂದು ಮೂಗು ಸ್ವಚ್ಛವಾಗಿದ್ದರೆ ನಿಶ್ಚಿಂತೆ ಎಂದಲ್ಲ. ಮೂಗಿನ ಮೇಲೆ ಏನೂ ಕಾಣದೆಯೂ ಕಣ್ಣಿಗೆ ಬರುವುದುಂಟು.

ಈಗ ಆ ಹಾವಿನ ವಿಚಾರಕ್ಕೆ ಬರೋಣ. ಚಿಕ್ಕಂದಿನಲ್ಲಿ ನಮಗೆ ಅಮ್ಮ ಎದ್ದಿತ್ತಲ್ಲ, ಸಿಡುಬಿನ ತಂಗಿಯಂಥ ಆ ನೀರುಗುಳ್ಳೆಯ ಬೇನೆ, ಚಿಕನ್‌ಪಾಕ್ಸ್‌, ಅದರ ವೈರಾಣು ಮೈಯಿಂದ ಹೊರಗೆ ಹೋಗುವುದೇ ಇಲ್ಲ. ನರಗಳ ಬುಡದ ಗಂಟುಗಳಲ್ಲಿ ಹತ್ತಾರು ವರ್ಷ ನಿದ್ದೆ ಮಾಡುತ್ತದೆ. ವಯಸ್ಸಾಗಿ, ಸಕ್ಕರೆ ಕಾಯಿಲೆಯಾಗಿ, ಕ್ಯಾನ್ಸರಿನ ಔಷಧಿಯಿಂದಾಗಿ, ಎಚ್‌ಐವಿಯಿಂದಾಗಿ ಮೈಯ ಕಾವಲು ಸಡಿಲವಾದಾಗ ಒಂದು ನರದ ಗಂಟಿನಲ್ಲಿ ಎಚ್ಚತ್ತು ಆ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ನರ ಓಡಿದಂತೆ ಗುಳ್ಳೆಯೂ ಓಡುವುದರಿಂದ ಪಟ್ಟಿ ಕಟ್ಟಿದ ಹಾಗೆ, ಹಾವು ಮಲಗಿದ ಹಾಗೆ ಕಾಣುತ್ತದೆ. ಮೈಯ ಬಲಕ್ಕೆ ಬಲದ ನರ, ಎಡಕ್ಕೆ ಎಡದ ನರ. ಹೀಗಾಗಿ ಗುಳ್ಳೆ ನಡುಗೆರೆಗೆ ಬಂದು ನಿಲ್ಲುತ್ತದೆ. ತಲೆ ಬಾಲ ಕೂಡದೆ ಉಳಿಯುವುದು ಮಂತ್ರದಿಂದಲ್ಲ, ಕೂಡಲು ದಾರಿಯೇ ಇಲ್ಲದ್ದರಿಂದ. ಎಂದೂ ನಡೆಯಲಾರದ ಒಂದು ಸಾವನ್ನು ತೋರಿಸಿ ಹೆದರಿಸುವುದು, ಅದು ನಡೆಯದೆ ಇದ್ದಾಗ ಮಂತ್ರ ಉಳಿಸಿತು ಎನ್ನುವುದು, ಇದು ತಲೆತಲಾಂತರದಿಂದ ನಡೆದುಬಂದಿದೆ. ಅಪರೂಪಕ್ಕೆ ಕೆಲವರಿಗೆ ಎರಡೂ ಮಗ್ಗುಲಿಗೆ, ಮೈತುಂಬ ಹರಡುವುದು ನಿಜ. ಅಂಥವರ ರೋಗನಿರೋಧಕ ಶಕ್ತಿ ಕುಸಿದುಬಿದ್ದಿರುತ್ತದೆ; ಅವರನ್ನು ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಂದರೆ ನಂಬಿಕೆಯೊಳಗಿನ ಚೂರು ಸತ್ಯವೂ ದವಾಖಾನೆಯ ಕಡೆಗೇ ಬೊಟ್ಟು ಮಾಡುತ್ತದೆ.

ಅಮ್ಮ ಬೇನೆಯೂ ಸರ್ಪಸುತ್ತೂ ಒಂದೇ ವೈರಾಣುವಿನವು, ಹಳೆಯದೇ ಮೇಲೇಳುತ್ತದೆ ಎಂಬ ವಾದವನ್ನು ಗಟ್ಟಿಯಾಗಿ ಮಂಡಿಸಿದವರು ಯಾವ ದೊಡ್ಡ ಪ್ರಯೋಗಾಲಯದವರೂ ಅಲ್ಲ. ಎಡ್ಗರ್‌ ಹೋಪ್‌-ಸಿಂಪ್ಸನ್‌ ಎಂಬ, ಇಂಗ್ಲೆಂಡಿನ ಸಿರೆನ್‌ಸೆಸ್ಟರ್‌ ಎಂಬ ಸಣ್ಣ ಊರಿನ ವೈದ್ಯರು. ಬಸವಕಲ್ಯಾಣದಂಥ ಒಂದು ಊರು ಎಂದುಕೊಳ್ಳಿ. 16 ವರ್ಷ ತಮ್ಮ ದವಾಖಾನೆಗೆ ಬಂದ ಸರ್ಪಸುತ್ತಿನವರನ್ನೆಲ್ಲ ಬರೆದಿಟ್ಟುಕೊಂಡರು. 192 ಜನ. ಯಾರಿಗೆ ಬಂತು, ಎಷ್ಟನೆಯ ವಯಸ್ಸಿಗೆ, ಮೈಯ ಯಾವ ಭಾಗಕ್ಕೆ, ಎಲ್ಲ ಆ ಪುಸ್ತಕದಲ್ಲಿತ್ತು. 1965ರಲ್ಲಿ ಅದನ್ನೇ ಇಟ್ಟುಕೊಂಡು ವಾದ ಕಟ್ಟಿದರು.

ಲೆಕ್ಕ ಇಡುವುದು ಎಂದರೆ ಅದು. ನಮ್ಮ ಊರುಗಳಲ್ಲಿ ಮಂತ್ರ ಗೆದ್ದದ್ದಕ್ಕೆ ಮಾತ್ರ ಲೆಕ್ಕ. ಸರ್ಪಸುತ್ತಿನ ಗುಳ್ಳೆ ಏಳೆಂಟು ದಿನಕ್ಕೆ ಒಣಗಿ ಹಕ್ಕಳೆಗಟ್ಟುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಉದುರುತ್ತದೆ. ಮಣ್ಣು ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ. ಹಕ್ಕಳೆ ಉದುರಿದ ದಿನ ಊರಿನ ಲೆಕ್ಕದ ಪುಸ್ತಕ ಮುಚ್ಚುತ್ತದೆ: ‘ಅಜ್ಜನ ಕೈಗುಣ, ನೆಟ್ಟಗಾದಳು.’ ಕಣ್ಣಿನ ಕಥೆ ಶುರುವಾಗುವುದು ಹಲವು ಸಲ ಆಮೇಲೆ, ವಾರಗಳು ತಿಂಗಳುಗಳು ಕಳೆದು. ಕಣ್ಣು ಕೆಂಪಾಗುತ್ತದೆ, ಬೆಳಕು ನೋಡಲಾಗುವುದಿಲ್ಲ, ಕಣ್ಣಿನ ಒಳಗೆ ಉರಿಯೂತ, ಒತ್ತಡ ಏರಿ ಗ್ಲಾಕೋಮಾ, ಕಾರ್ನಿಯಾದ ಮೇಲೆ ಕಲೆ. ಕೆಲವರಿಗೆ ಅಕ್ಷಿಪಟಲವೇ ಕೊಳೆಯುತ್ತದೆ, ಕೆಲವರಿಗೆ ಕಣ್ಣು ಹೊರಳಿಸುವ ನರ ಸೋತು ಒಂದು ಎರಡಾಗಿ ಕಾಣುತ್ತದೆ. ಹಣೆಯ ಸರ್ಪಸುತ್ತಿನ ನಂತರದ ತಿಂಗಳುಗಳಲ್ಲಿ ಲಕ್ವದ ಅಪಾಯವೂ ಏರುತ್ತದೆ. ಇಷ್ಟಾದರೂ ಊರಿನವರು ಏನೆನ್ನುತ್ತಾರೆ? ‘ಕಣ್ಣಿಗೆ ಹೂ ಬಿತ್ತು’, ‘ಪೊರೆ ಬಂತು’, ‘ವಯಸ್ಸಾತು’. ಹೋದ ಕಣ್ಣನ್ನು ಬೇರೆ ಖಾತೆಗೆ ಬರೆದುಬಿಟ್ಟರೆ ಮಣ್ಣಿನ ಖಾತೆ ಯಾವತ್ತೂ ಲಾಭದಲ್ಲೇ ಇರುತ್ತದೆ. ‘ನಷ್ಟವೇನು’ ಎಂದು ಕೇಳುವ ಧೈರ್ಯ ಓದಿದವರಿಗೆ ಬಂದದ್ದು ಈ ಸುಳ್ಳು ಲೆಕ್ಕದಿಂದ.

ನಷ್ಟ ಏನೆಂದು ಹೇಳುತ್ತೇನೆ. ನಷ್ಟ ಮೂರು ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಾಣುವನ್ನು ತಡೆಯುವ ಔಷಧಿ ಹೊಟ್ಟೆಗೆ ಹೋದರೆ ಅದು ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಪಸುತ್ತು ಬಂದ ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಅದು ಹಣೆಯ ಈ ಕವಲಿನಲ್ಲಿ ಬರುತ್ತದೆ. ಔಷಧಿ ಇಲ್ಲದೆ ಬಿಟ್ಟರೆ ಅವರಲ್ಲಿ ಅರ್ಧದಷ್ಟು ಮಂದಿಗೆ ಕಣ್ಣಿಗೇ ತಾಗುತ್ತದೆ. ಬೇಗ ಔಷಧಿ ಕೊಟ್ಟರೆ ಆ ಅರ್ಧ ಎಷ್ಟೋ ಕೆಳಗಿಳಿಯುತ್ತದೆ. ಔಷಧಿಯ ಹೆಸರು ಅಸೈಕ್ಲೋವಿರ್‌. ಅದು ಹೊರಬಂದ ಸಂಶೋಧನೆಯ ಮುಂದಾಳು ಗರ್ಟ್ರೂಡ್‌ ಎಲಿಯನ್‌ ಎಂಬ ಹೆಣ್ಣುಮಗಳಿಗೆ 1988ರಲ್ಲಿ ನೊಬೆಲ್‌ ಪ್ರಶಸ್ತಿಯ ಪಾಲು ಸಿಕ್ಕಿತು. ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಐದು ಸಲ, ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ. ಒಟ್ಟು 35 ಮಾತ್ರೆ. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವಂಥದು, ಹೊರದೇಶದಿಂದ ತರಿಸುವ ಅಪರೂಪದ್ದೇನಲ್ಲ. ಇನ್ನೊಂದು ಮಾತು ಗಮನಿಸಿ: ಇದು ಮಾತ್ರೆ. ಬಹುಪಾಲು ಮಂದಿಗೆ ಸೂಜಿ ಚುಚ್ಚುವ ಪ್ರಶ್ನೆಯೇ ಬರುವುದಿಲ್ಲ. ಸೂಜಿಗೆ ಹೆದರಿ ನಮ್ಮವರು ಸೂಜಿಯೇ ಇಲ್ಲದ ಔಷಧಿಯಿಂದ ದೂರ ಉಳಿಯುತ್ತಿದ್ದಾರೆ. ಮೂರು ದಿನ ದಾಟಿಹೋಗಿದ್ದರೂ ಹಣೆ ಕಣ್ಣಿನ ಸುತ್ತ ಎದ್ದಿದ್ದರೆ ಡಾಕ್ಟರು ಔಷಧಿ ಕೊಡುತ್ತಾರೆ, ತಡವಾಯಿತೆಂದು ಕೈಚೆಲ್ಲಿ ಕೂರಬಾರದು.

‘ಎರಡೂ ನಡೀಲಿ, ಮಣ್ಣೂ ಇರಲಿ ಮಾತ್ರೆಯೂ ಇರಲಿ’ ಎನ್ನುವವರಿದ್ದಾರೆ. ಅವರು ಮಂತ್ರದ ಪಥ್ಯವನ್ನು ಕಂಡವರಲ್ಲ. ಔಷಧಿ ಮುಟ್ಟಬಾರದು ಎಂಬುದೇ ಅದರ ಮೊದಲ ನಿಯಮ. ಸ್ನಾನವೂ ಇಲ್ಲ. ಬಿರಿದ ಗುಳ್ಳೆಯ ಮೇಲೆ, ರೆಪ್ಪೆಯ ಅಂಚಿನಲ್ಲಿ ಹಸಿ ಮಣ್ಣು ಕೂತರೆ ಕೀವು ಸೇರಲು ಬೇರೆ ದಾರಿ ಬೇಡ. ಮೇಲೆ ದೋಷದ ಮಾತು ಬೇರೆ. ಯಾವ ಹಾವು ಹೊಡೆದಿರಿ, ಯಾವ ಹುತ್ತ ಮೆಟ್ಟಿದಿರಿ ಎಂದು ನೋವು ತಿನ್ನುತ್ತಿರುವವಳನ್ನೇ ಕಟಕಟೆಗೆ ನಿಲ್ಲಿಸುತ್ತಾರೆ. ದೊಡ್ಡವ್ವ ನೆನಪು ಕೆದಕಿ ಕೆದಕಿ, ಮದುವೆಯಾದ ಹೊಸತರಲ್ಲಿ ಹೊಲದ ಬದುವಿನಲ್ಲಿ ಗಂಡ ಕೊಂದ ಒಂದು ಕೇರೆಹಾವನ್ನು ನೆನೆದು ಅತ್ತಳು. ಅದೇ ವಾರ ಹೆರಿಗೆಗೆಂದು ತವರಿಗೆ ಬಂದ ಮೊಮ್ಮಗಳು ಅವಳ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಿದ್ದಳು. ಹಸಿ ಗುಳ್ಳೆಯ ನೀರಿನಿಂದ, ಅಮ್ಮ ಎದ್ದಿರದ ಬಸುರಿಗೆ ಅಮ್ಮ ಹತ್ತಬಹುದು ಎಂದು ಹೇಳುವವರು ಯಾರೂ ಇರಲಿಲ್ಲ. ಹಾವಿಗೆ ಅಂಟುಜಾಡ್ಯವಿಲ್ಲವಲ್ಲ.

ಹಕ್ಕಳೆ ಉದುರಿತು. ಜಾತ್ರೆ ಮುಗಿಯಿತು. ಕಣ್ಣು ಕೆಂಪಾಗಿಯೇ ಉಳಿಯಿತು. ಮೆಡಿಕಲ್‌ ಅಂಗಡಿಯಿಂದ ಒಂದು ಹನಿ ಔಷಧಿ ತಂದು ಹಾಕಿದರು, ಕೆಂಪು ಇಳಿಯಿತು, ಎಲ್ಲರಿಗೂ ಸಮಾಧಾನ. ಅದರಲ್ಲಿ ಸ್ಟೀರಾಯ್ಡ್‌ ಇತ್ತು. ಕಣ್ಣಿನ ಡಾಕ್ಟರು ನೋಡಿ, ಅಳೆದು, ದಿನ ಎಣಿಸಿ ಕೊಟ್ಟರೆ ಈ ಕಾಯಿಲೆಯಲ್ಲಿ ಅದೇ ಕಣ್ಣು ಉಳಿಸುವ ಔಷಧಿ. ಚೀಟಿ ಇಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಒತ್ತಡ ಏರಿಸುತ್ತದೆ, ಪೊರೆ ತರುತ್ತದೆ. ಎಂಟನೆಯ ವಾರ ದೊಡ್ಡವ್ವ ‘ಮಂಜು ಕವದಂಗ ಆಗ್ಯಾದ’ ಎಂದಳು. ಆದರೂ ಅವಳು ಖುಷಿಯಾಗಿದ್ದಳು. ಕಣ್ಣಿನ ನೋವು ಪೂರ್ತಿ ಹೋಗಿತ್ತು.

ಕಲಬುರಗಿಯಲ್ಲಿ ಕಣ್ಣಿನ ಡಾಕ್ಟರು ಅವಳನ್ನು ಯಂತ್ರದ ಮುಂದೆ ಕೂರಿಸಿದರು. ಹತ್ತಿಯ ಚೂರೊಂದನ್ನು ಹೊಸೆದು ಎಳೆಯಷ್ಟು ತೆಳ್ಳಗೆ ಮಾಡಿದರು. ಮೊದಲು ಎಡಗಣ್ಣಿನ ಕಪ್ಪುಗುಡ್ಡೆಗೆ ಅದರ ತುದಿ ತಾಗಿಸಿದರು. ದೊಡ್ಡವ್ವ ಬೆಚ್ಚಿ ರೆಪ್ಪೆ ಬಡಿದು ಹಿಂದೆ ಸರಿದಳು. ಆಮೇಲೆ ಬಲಗಣ್ಣಿಗೆ ತಾಗಿಸಿದರು. ಎಳೆ ಕಣ್ಣಿನ ಮೇಲೆ ಬಾಗಿ ನಿಂತಿತು. ಅವಳು ನೆಟ್ಟಗೆ ನೋಡುತ್ತಲೇ ಇದ್ದಳು. ‘ಮುಟ್ಟಿದ್ರೇನ್ರಿ?’ ಎಂದು ಕೇಳಿದಳು.

ನಾವು ವಾಸಿಯಾಯಿತು ಎಂದುಕೊಂಡದ್ದು ನರ ಸತ್ತದ್ದು. ಧೂಳು ಬಿದ್ದರೆ ಗೊತ್ತಾಗದ, ಒಣಗಿದರೆ ಗೊತ್ತಾಗದ ಕಣ್ಣಿನಲ್ಲಿ ಹುಣ್ಣು ಮೌನವಾಗಿ ಬೆಳೆಯುತ್ತದೆ. ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟಾಗ ಆ ಹುಣ್ಣು ನನಗೂ ಕಂಡಿತು, ಕಪ್ಪುಗುಡ್ಡೆಯ ನಡುವೆ ಮೊಟ್ಟೆಯಾಕಾರದಲ್ಲಿ ಹಸಿರಾಗಿ ಹೊಳೆಯುತ್ತ. ರೆಪ್ಪೆಯ ಹೊರಮೂಲೆಯನ್ನು ಹೊಲಿದು ಅರ್ಧ ಮುಚ್ಚಿದರು. ಹುಣ್ಣು ಮಾಗಿತು, ಬಿಳಿ ಕಲೆ ಉಳಿಯಿತು. ನೇತ್ರದಾನದ ಕಣ್ಣು ಹಾಕಬಹುದಲ್ಲ ಎಂದು ಅಣ್ಣ ಕೇಳಿದ. ಸ್ಪರ್ಶವಿಲ್ಲದ ಕಣ್ಣಿನಲ್ಲಿ ಕಸಿ ನಿಲ್ಲುವುದು ಬಹಳ ಕಷ್ಟ ಎಂದರು. ಈಗ ದೊಡ್ಡವ್ವ ರೊಟ್ಟಿ ಬಡಿಯುವಾಗ ಒಲೆಯ ಕಡೆಗೆ ಎಡಗಣ್ಣು ಇರುವಂತೆ ಮಗ್ಗುಲಾಗಿ ಕೂರುತ್ತಾಳೆ. ಹಣೆಯ ನೋವು ಮಾತ್ರ ಹೋಗಿಲ್ಲ. ರಾತ್ರಿ ದಿಂಬಿಗೆ ಆ ಮಗ್ಗುಲು ಇಡಲಾರಳು. ಸತ್ತಿದ್ದು ಕಣ್ಣಿನ ಸ್ಪರ್ಶ, ಉಳಿದದ್ದು ಹಣೆಯ ಉರಿ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಒಂದು ಗಟ್ಟಿ ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. ಮಂತ್ರದ ಅಜ್ಜ ಹತ್ತಿರದಲ್ಲಿದ್ದಾನೆ, ಕರೆದ ಸಂಜೆಗೇ ಬರುತ್ತಾನೆ, ದುಡ್ಡು ಕೇಳುವುದಿಲ್ಲ, ಪಕ್ಕದಲ್ಲಿ ಕೂತು ಹಣೆ ಮುಟ್ಟುತ್ತಾನೆ. ಕಣ್ಣಿನ ಡಾಕ್ಟರನ್ನು ಹುಡುಕಿ ಬೀದರಿಗೋ ಕಲಬುರಗಿಗೋ ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವನ ಕೂಲಿಯೂ ಹೋಗುತ್ತದೆ. ಹುಮನಾಬಾದಿನ ಮೇಲೆ 2017ರಿಂದ ಬೀದರ್‌–ಕಲಬುರಗಿ ರೈಲು ಓಡುತ್ತಿದೆ, ಹೆದ್ದಾರಿ ಇದೆ. ಆದರೆ ಹಳ್ಳಿಯಿಂದ ಹೆದ್ದಾರಿಗೆ ಬರುವುದೇ ಅರ್ಧ ಪ್ರಯಾಣ. ಇದೆಲ್ಲ ನಿಜ. ಆದರೆ ಮೊದಲ ಮಾತ್ರೆಗೆ ಕಣ್ಣಿನ ಡಾಕ್ಟರೇ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಯಾವ ಡಾಕ್ಟರಾದರೂ ಹಣೆ ನೋಡಿ ಅದೇ ದಿನ ಶುರು ಮಾಡಿ, ಕಣ್ಣು ತೋರಿಸಲು ಚೀಟಿ ಬರೆಯಬಹುದು. ಅಲ್ಲಿಗೆ ಒಯ್ಯದಂತೆ ನಮ್ಮನ್ನು ತಡೆದದ್ದು ದಾರಿಯ ದೂರವಲ್ಲ. ಜಾತ್ರೆಗೆ ನಾವು ಹುಮನಾಬಾದಿಗೆ ಹೋಗಿಯೇ ಇದ್ದೆವು.

ನಮ್ಮ ಭಾಗದ ಕಣ್ಣಿನ ತಿಳಿವಳಿಕೆಯೆಲ್ಲ ಶಿಬಿರಗಳಿಂದ ಬಂದದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರು ಅಲೆದು ಲೆಕ್ಕವಿಲ್ಲದಷ್ಟು ಬಡವರ ಪೊರೆ ತೆಗೆದರು, 1968ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂತು. ಅವರ ಹೆಸರು ಹೇಳಿದರೆ ಇಂದಿಗೂ ಮುದುಕರು ಕೈಮುಗಿಯುತ್ತಾರೆ, ಮುಗಿಯಲೇಬೇಕು. ಆದರೆ ಆ ದೊಡ್ಡ ಕೆಲಸದ ನೆರಳಿನಲ್ಲಿ ಒಂದು ಅಭ್ಯಾಸ ನಮಗೆ ಅಂಟಿತು: ಕಣ್ಣಿನ ತೊಂದರೆ ಎಂದರೆ ಪೊರೆ, ಪೊರೆ ಎಂದರೆ ಮುಂದಿನ ಕ್ಯಾಂಪ್‌. ಪೊರೆ ಒಂದು ವರ್ಷ ಕಾದೀತು. ಸರ್ಪಸುತ್ತು ಒಂದು ವಾರವೂ ಕಾಯುವುದಿಲ್ಲ.

ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ಇದೆ, ಹೊಸ ಅನುಭವ ಮಂಟಪದ ಕೆಲಸ ನಡೆದಿದೆ. ನಾಗರಪೂಜೆಯ ಒಳಗಿನ ಸುಳ್ಳನ್ನು ಹನ್ನೆರಡನೆಯ ಶತಮಾನದಲ್ಲೇ ಎತ್ತಿ ತೋರಿಸಿದವರು ಬಸವಣ್ಣ. ಶರಣರ ಗುಂಪಿನಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೇ ಇದ್ದ, ವೈದ್ಯವೇ ಅವನ ಕಾಯಕ. ಆ ನೆಲದ ಮಕ್ಕಳಾಗಿ, ವರ್ಷವರ್ಷ ಬಸವ ಜಯಂತಿಯ ವೇದಿಕೆ ಹತ್ತಿ ಭಾಷಣ ಮಾಡುವ ನಾವು, ಮನೆಗೆ ಬಂದು ‘ಮಣ್ಣು ಹಚ್ಚಿದರೆ ನಷ್ಟವೇನು’ ಎನ್ನುವುದು ನನಗೆ ನಾಚಿಕೆ ತರುತ್ತದೆ. ಹಳ್ಳಿಯ ಮುದುಕಿಗೆ ವಚನ ಗೊತ್ತಿಲ್ಲದಿರಬಹುದು. ನಮಗೆ ಗೊತ್ತಿತ್ತು.

ಲಸಿಕೆಯ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ, ಚೆನ್ನಾಗಿ ಕಾಯುತ್ತದೆ, ಆದರೆ ದುಬಾರಿ, ಸರ್ಕಾರದ ಪಟ್ಟಿಯಲ್ಲಿಲ್ಲ. ತೊಗರಿಯ ದರ ನಂಬಿ ಬದುಕುವ ಮನೆಗೆ ಅದನ್ನು ಹಾಕಿಸಿ ಎಂದು ಹೇಳುವ ಬಾಯಿ ನನಗಿಲ್ಲ. ನಾನು ಕೇಳುತ್ತಿರುವುದು 35 ಮಾತ್ರೆ.

ಕಳೆದ ದೀಪಾವಳಿಗೆ ಆ ಮಂತ್ರದ ಅಜ್ಜನ ಮನೆಗೆ ಹೋಗಿದ್ದೆ. ಜಗಳ ತೆಗೆಯಲು ಅಲ್ಲ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿಸಿದ. ದೊಡ್ಡವ್ವನ ಕಣ್ಣಿನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಕೇಳಿ ಬಹಳ ಹೊತ್ತು ಸುಮ್ಮನಿದ್ದ.

‘ನಾ ಯಾರಿಗೂ ದವಾಖಾನಿಗಿ ಹೋಗಬ್ಯಾಡ ಅಂತ ಬಾಗಿಲಿಗಿ ನಿಂತಿಲ್ರಿ. ನನ್ನ ಬಲ್ಲಿ ಬರ್ತಾರ, ನಮ್ಮಪ್ಪ ಕಲಿಸಿದ್ದು ನಾ ಮಾಡ್ತೀನಿ.’

‘ಗೊತ್ತದ ಅಜ್ಜಾ. ಹಣೀ ಮ್ಯಾಲ ಎದ್ದದ್ದು ಬಂದ್ರ ಮಣ್ಣು ಕಲಸಬ್ಯಾಡ್ರಿ. ಅವತ್ತೇ ಹುಮನಾಬಾದ್‌ ದವಾಖಾನಿಗಿ ಕಳಸ್ರಿ. ನೀವು ಹೇಳಿದ್ರ ಹೋಗ್ತಾರ, ನಾವು ಹೇಳಿದ್ರ ಹೋಗಲ್ಲ. ಮೂಗಿನ ತುದೀಗಿ ಗುಳ್ಳಿ ಇದ್ರಂತೂ ನಿಲ್ಲಸಬ್ಯಾಡ್ರಿ.’

ಚಹಾದ ಬಸಿ ಕೆಳಗಿಟ್ಟು ಅಜ್ಜ ತನ್ನ ಮೂಗಿನ ತುದಿಗೆ ಬೆರಳಿಟ್ಟುಕೊಂಡ.

‘ಇಲ್ಲೇನ್ರಿ?’

‘ಹೌದು, ಅಲ್ಲೇ.’

ಬೆರಳು ತೆಗೆಯಲಿಲ್ಲ. ‘ಅಂಥಾವು ನಾ ಭಾಳ ನೋಡೀನಿ’ ಎಂದ.